ತಂತಿಯ ಸರ: ಕೋಲಿನ ಹೆಣಿಗೆಯೋ, ಕ್ರೋಶಾವೋ, ಗಂಟೋ?

ಬೆಸುಗೆಯ ಗೋಜಿಲ್ಲದೆ ತಾಮ್ರದ ತಂತಿಯಿಂದ ಸರ, ಕೈಬಳೆ ಮಾಡಿಕೊಳ್ಳಬೇಕೆನ್ನುವವರು ಸಾಮಾನ್ಯವಾಗಿ ಮೂರು ದಾರಿ ಹಿಡಿಯುತ್ತಾರೆ. ಕೋಲಿನ ಸುತ್ತ ಕುಣಿಕೆ ಹಾಕುತ್ತ ಇಳಿಯುವ ವೈಕಿಂಗ್ ಹೆಣಿಗೆ ಒಂದು, ಕ್ರೋಶಾ ಕಡ್ಡಿಯ ಹೆಣಿಗೆ ಇನ್ನೊಂದು, ದಾರದ ಮ್ಯಾಕ್ರಮೆಯಂತೆ ಗಂಟು ಹಾಕುವುದು ಮತ್ತೊಂದು. ಮೂರನ್ನೂ ಮಾಡಿ, ಮಾಡಿದ್ದನ್ನು ತೊಟ್ಟು ಓಡಾಡಿದ್ದೇನೆ. ಸರಕ್ಕಾದರೆ ವೈಕಿಂಗ್ ಹೆಣಿಗೆಗೆ ಸಾಟಿಯಿಲ್ಲ. ಮಣಿಗಳಿದ್ದರೆ ಕ್ರೋಶಾಕ್ಕೆ ನನ್ನ ಓಟು. ಗಂಟಿನ ಬಗ್ಗೆ ಮಾತ್ರ ತಕರಾರೇ ಹೆಚ್ಚು.

ಕಾರಣ ತಂತಿಯ ಗುಣದಲ್ಲೇ ಇದೆ. ಬಗ್ಗಿಸಿದ ಜಾಗದಲ್ಲಿ ತಾಮ್ರ ಗಡುಸಾಗುತ್ತದೆ. ಬಿಚ್ಚಿ ಅಲ್ಲೇ ಮತ್ತೆ ಬಗ್ಗಿಸಿದರೆ ಇನ್ನಷ್ಟು ಗಡುಸಾಗಿ, ಕೊನೆಗೆ ಪಟ್ಟೆಂದು ಮುರಿಯುತ್ತದೆ. ಹಾಗಾಗಿ ಒಮ್ಮೆ ಬಗ್ಗಿಸಿ ಬಿಟ್ಟುಬಿಡುವ ಕೆಲಸಕ್ಕೆ ತಂತಿ ಒಗ್ಗುತ್ತದೆ. ಎಳೆದು ಬಿಗಿಮಾಡಿ, ಸರಿ ಬಾರದಿದ್ದರೆ ಬಿಚ್ಚಿ ಮತ್ತೆ ಹಾಕುವ ಕೆಲಸಕ್ಕೆ ತಿರುಗಿ ಬೀಳುತ್ತದೆ. ಬರಿ ತಾಮ್ರವನ್ನು ಒಲೆಯ ನೀಲಿ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆದುವಾಗುತ್ತದೆ, ನಿಜ. ಆದರೆ ಅರ್ಧ ಹೆಣೆದ ಸರವನ್ನು ಕೋಲು, ಮಣಿಗಳ ಸಮೇತ ಉರಿಗೆ ಹಿಡಿಯುವವರು ಯಾರು?

ತಂತಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಬಳಸಿದ್ದು ಹೆಚ್ಚಾಗಿ ಮೋಟರ್ ವೈಂಡಿಂಗ್‌ಗೆ ಹಾಕುವ ಎನಾಮೆಲ್ ಲೇಪದ ತಾಮ್ರದ ತಂತಿ. ರೀವೈಂಡಿಂಗ್ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ, ಕರಕುಶಲ ಸಾಮಗ್ರಿಯ ಪುಟ್ಟ ಸುರುಳಿಗಳಿಗೆ ಹೋಲಿಸಿದರೆ ಬಹಳ ಅಗ್ಗ, ಲೇಪ ಇರುವವರೆಗೆ ಕಿಲುಬು ಹಿಡಿಯುವುದಿಲ್ಲ. ಕೊರತೆಯೆಂದರೆ ಇದನ್ನು ಕಾಯಿಸುವಂತಿಲ್ಲ; ಲೇಪ ಸುಟ್ಟು ಕೆಟ್ಟ ಹೊಗೆ ಬರುತ್ತದೆ. ಹಿತ್ತಾಳೆ ತಂತಿ ನೋಡಲು ಚೆಂದ, ಆದರೆ ಅದರ ಬಿರುಸಿಗೆ ಬೆರಳ ತುದಿಗಳು ಸೋಲುತ್ತವೆ.

ಇನ್ನು ಗೇಜ್, ಅಂದರೆ ತಂತಿಯ ದಪ್ಪ ಹೇಳುವ ಸಂಖ್ಯೆ. ಅಂತರ್ಜಾಲದ ಪಾಠಗಳಲ್ಲಿ ಬರುವುದು ಹೆಚ್ಚಾಗಿ ಅಮೆರಿಕದ ಅಳತೆ, ನಮ್ಮ ಅಂಗಡಿಗಳದ್ದು ಬ್ರಿಟಿಷ್ ಎಸ್‌ಡಬ್ಲ್ಯೂಜಿ. ಪಾಠದ 26 ಗೇಜ್ ಎಂದರೆ ಸುಮಾರು 0.40 ಮಿ.ಮೀ.; ಅಂಗಡಿಯವರು ಕೊಡುವ 26 ಸುಮಾರು 0.46 ಮಿ.ಮೀ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ನೂರಾರು ಕುಣಿಕೆ ಹಾಕುವ ಬೆರಳಿಗೆ ಅದು ತಿಳಿಯುತ್ತದೆ. ಪಾಠದಲ್ಲಿ 24 ಎಂದಿದ್ದರೆ 25 ಕೇಳಿ, 26 ಎಂದಿದ್ದರೆ 27, 28 ಎಂದಿದ್ದರೆ 30.

ವೈಕಿಂಗ್ ಹೆಣಿಗೆಗೆ ಬೇಕಾದ ಸಲಕರಣೆ ನಗು ಬರುವಷ್ಟು ಕಡಿಮೆ. ಕೋಲಿಗೆ ನಾನು ಆರು ಮೂಲೆಯ ಪೆನ್ಸಿಲ್ ಆರಿಸಿಕೊಂಡೆ. ಆರು ಸಾಲು ಹೆಣೆಯುವಾಗ ಒಂದೊಂದು ಮೂಲೆಯೂ ಒಂದೊಂದು ಸಾಲಿಗೆ ಗೆರೆ ಹಾಕಿಕೊಟ್ಟಂತಾಗುತ್ತದೆ, ಸಾಲುಗಳು ಓರೆಯಾಗಿ ಸುತ್ತಿಕೊಳ್ಳುವುದಿಲ್ಲ. ಮೊದಲು ಬೇಡದ ತಂತಿಯಲ್ಲಿ ಆರು ಎಸಳಿನ ಹೂವೊಂದನ್ನು ಮಾಡಿ ಪೆನ್ಸಿಲ್ ತಲೆಗೆ ಕೂರಿಸಬೇಕು. ಆಮೇಲೆ ಹೊಸ ತಂತಿಯ ತುದಿಯನ್ನು ಮೇಲಿನ ಕುಣಿಕೆಯ ಬುಡದಲ್ಲಿ ತಂತಿಗಳು ಅಡ್ಡ ಹಾಯುವ ಜಾಗದ ಹಿಂದಿನಿಂದ ಬಲದಿಂದ ಎಡಕ್ಕೆ ತೂರಿಸಿ ಎಳೆದರೆ ಒಂದು ಕುಣಿಕೆ. ಪಕ್ಕದ ಸಾಲಿಗೆ ಹೋಗಿ ಇನ್ನೊಂದು. ಇಷ್ಟೇ. ಒಂದು ಕುಣಿಕೆ ಬಿಟ್ಟು ಅದರ ಮೇಲಿನ ಕುಣಿಕೆಯ ಹಿಂದೆ ತೂರಿಸಿದರೆ ಜೋಡಿ ಹೆಣಿಗೆ. ತಂತಿ ಹೆಚ್ಚು ತಿನ್ನುತ್ತದೆ, ಸರ ದಟ್ಟವಾಗುತ್ತದೆ. ಒಂದು ಸಲಕ್ಕೆ ಮಾರುದ್ದದ ತಂತಿಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಉದ್ದ ತಂತಿ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದಲ್ಲೇ ಮುರಿಯುತ್ತದೆ. ತಂತಿ ಮುಗಿದರೆ ಹೊಸದನ್ನು ಸೇರಿಸುವುದು ಸುಲಭ, ಹಳೆಯ ತುದಿ ಕೊಳವೆಯೊಳಗೆ ಮರೆಯಾಗುತ್ತದೆ.

ಪೆನ್ಸಿಲ್ ಮೇಲಿರುವಾಗ ಈ ಹೆಣಿಗೆ ಚೂರೂ ಚೆಂದ ಕಾಣುವುದಿಲ್ಲ. ಒಂದು ಕುಣಿಕೆ ದೊಡ್ಡದು, ಒಂದು ಸಣ್ಣದು, ನಡುವೆ ಕಿಂಡಿಗಳು. ಇದರ ಅಸಲಿ ಮಜಾ ಆಮೇಲೆ. ಗಟ್ಟಿ ಮರದ ತುಂಡೊಂದರಲ್ಲಿ 9 ಮಿ.ಮೀ.ಯಿಂದ 5 ಮಿ.ಮೀ.ವರೆಗೆ ಇಳಿಯುತ್ತ ಹೋಗುವ ತೂತುಗಳನ್ನು ಕೊರೆಸಿ, ಹೆಣಿಗೆಯನ್ನು ದೊಡ್ಡ ತೂತಿನಿಂದ ಶುರುಮಾಡಿ ಒಂದೊಂದರಲ್ಲೇ ಎಳೆಯಬೇಕು. ಎಳೆದಂತೆಲ್ಲ ಕುಣಿಕೆಗಳು ತಮ್ಮೊಳಗೇ ಹೊಂದಿಕೊಳ್ಳುತ್ತವೆ, ಕಿಂಡಿ ಮುಚ್ಚುತ್ತದೆ, ಗೇಣುದ್ದ ಇದ್ದದ್ದು ಒಂದೂವರೆ ಗೇಣಾಗುತ್ತದೆ. ಕೊನೆಯ ತೂತಿನಿಂದ ಹೊರಬಂದದ್ದು ಹುರಿಯಂತೆ ಬಳುಕುವ, ಹಾವಿನ ಮೈಯ ನುಣುಪಿರುವ ಸರ. ಕೈಯ ಏರುಪೇರನ್ನೆಲ್ಲ ಆ ಮರದ ತುಂಡು ತಿದ್ದಿಬಿಡುತ್ತದೆ. ಕ್ರೋಶಾಕ್ಕಾಗಲಿ ಗಂಟಿಗಾಗಲಿ ಈ ಭಾಗ್ಯವಿಲ್ಲ. ಕಬ್ಬಿಣದ ಎಳೆಹಲಗೆಯೂ ಸಿಗುತ್ತದೆ, ಆದರೆ ಅದರ ಅಂಚು ಎನಾಮೆಲ್ ಕೆರೆದುಹಾಕುತ್ತದೆ. ಮರವೇ ಲೇಸು.

ಹೆಸರು ವೈಕಿಂಗರದ್ದಾದರೂ ಕೆಲಸ ಅವರೊಬ್ಬರದ್ದೇ ಅಲ್ಲ. ಸ್ವೀಡನ್ನಿನಲ್ಲಿ ವೈಕಿಂಗರ ಕಾಲದ ಪಟ್ಟಣವಾದ ಬಿರ್ಕಾದ ಸಮಾಧಿಗಳಲ್ಲಿ ಬೆಳ್ಳಿ ತಂತಿಯ ಹೆಣಿಗೆ ಸಿಕ್ಕಿದೆ, ಸರಿ. ಆದರೆ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ್ದು ನಮ್ಮ ತಿರುಚಿರಾಪಳ್ಳಿಯ ಅಕ್ಕಸಾಲಿಗರ ಸರಪಳಿಗಳು. ಮನೆಯಲ್ಲಿ ಕೈಯಲ್ಲಿ ಹೆಣೆದ ಹಳೆಯ ಬೆಳ್ಳಿಯ ಉಡಿದಾರ ಇದ್ದರೆ ಒಮ್ಮೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಈ ಕೆಲಸದ ಬಂಧುಬಳಗ ಯಾರೆಂದು ಗೊತ್ತಾಗುತ್ತದೆ.

ಕ್ರೋಶಾದ ವಿಷಯಕ್ಕೆ ಬಂದರೆ, ಸೀರೆಗೆ ಕುಚ್ಚು ಕಟ್ಟಿ ಅಭ್ಯಾಸವಿರುವವರಿಗೆ ಇದು ತಕ್ಷಣ ಕೈಹಿಡಿಯುತ್ತದೆ. ಎರಡು ಅಭ್ಯಾಸಗಳನ್ನು ಮಾತ್ರ ಬಿಡಬೇಕು. ಕುಚ್ಚಿನ ಸಪೂರ ಕಡ್ಡಿ ಇಲ್ಲಿ ನಡೆಯುವುದಿಲ್ಲ. ಬಿಗಿ ಕುಣಿಕೆಯೊಳಗೆ ತಂತಿ ಜಾರುವುದೇ ಇಲ್ಲ, 2 ಮಿ.ಮೀ. ಮೇಲ್ಪಟ್ಟ ಕಡ್ಡಿ ಬೇಕು. ದಾರವನ್ನು ಬೆರಳಿಗೆ ಸುತ್ತಿ ಬಿಗಿ ಹಿಡಿಯುವಂತೆ ತಂತಿಯನ್ನು ಹಿಡಿಯಲೂಬಾರದು. ತಂತಿ 0.3 ಮಿ.ಮೀ. ಆಸುಪಾಸಿನದಾಗಬೇಕು, ಮಣಿಗಳನ್ನೆಲ್ಲ ಮೊದಲೇ ಪೋಣಿಸಿಟ್ಟುಕೊಂಡು ಬೇಕಾದ ಕುಣಿಕೆಗೆ ಒಂದೊಂದನ್ನು ಜಾರಿಸಿಕೊಳ್ಳಬೇಕು. ಬರಿ ಸರಪಳಿ ಹೊಲಿಗೆಯ ನಾಲ್ಕೈದು ಎಳೆಗಳನ್ನು ಸೇರಿಸಿ ಸಡಿಲವಾಗಿ ಹೊಸೆದರೆ ಮುತ್ತು, ಹವಳಗಳು ಗಾಳಿಯಲ್ಲಿ ತೇಲಿದಂತೆ ಕಾಣುವ ಸರವಾಗುತ್ತದೆ. ಒಂದು ಸಂಜೆಯ ಕೆಲಸ. ವೈಕಿಂಗ್ ಹೆಣಿಗೆಯ ಸರ ಹಾಗೆ ಮುಗಿಯುವುದಿಲ್ಲ.

ತೊಟ್ಟಾಗ ಕ್ರೋಶಾದ ಬಣ್ಣ ಬಯಲಾಗುತ್ತದೆ. ತೆಳು ಕುಣಿಕೆಗಳು ಸೀರೆಯ ಜರಿಗೆ, ದುಪ್ಪಟ್ಟಾಕ್ಕೆ, ಕೂದಲಿಗೆ ಸಿಕ್ಕಿಕೊಳ್ಳುತ್ತವೆ. ಚೀಲದಲ್ಲಿ ಹಾಕಿಟ್ಟರೆ ಚಪ್ಪಟೆಯಾಗುತ್ತದೆ, ಚಪ್ಪಟೆಯಾದದ್ದು ಮತ್ತೆ ಉಬ್ಬುವುದಿಲ್ಲ. ಮದುವೆಮನೆಗೆ ಹಾಕಿಕೊಂಡು ಹೋಗಿ ಬಂದು ಡಬ್ಬಿಯಲ್ಲಿಡುವ ಒಡವೆ ಇದು, ದಿನಬಳಕೆಗಲ್ಲ.

ಗಂಟು. ಮ್ಯಾಕ್ರಮೆಯ ಚೌಕಗಂಟನ್ನು ಮೇಣದ ದಾರದಲ್ಲಿ ಹಾಕಿದರೆ ಒಂದರ ಕೆಳಗೊಂದು ಒತ್ತಿ ಕೂರುತ್ತದೆ. ತಂತಿಯಲ್ಲಿ ಹಾಕಿದರೆ ಕೈಬಿಟ್ಟ ಕ್ಷಣವೇ ಹಿಂದಕ್ಕೆ ಚಿಮ್ಮುತ್ತದೆ. ಇಕ್ಕಳದಲ್ಲಿ ಹಿಡಿದು ಎಳೆದರೆ ಎನಾಮೆಲ್ ಸಿಪ್ಪೆ ಏಳುತ್ತದೆ, ಬೆವರು ತಾಗಿ ಅಲ್ಲಲ್ಲಿ ಹಸಿರು. ಸಾಲದ್ದಕ್ಕೆ ಮುಗಿದ ಉದ್ದದ ನಾಲ್ಕೈದು ಪಟ್ಟು ತಂತಿಯನ್ನು ಮೊದಲಿನಿಂದ ಕೊನೆಯವರೆಗೆ ಎಳೆದಾಡಬೇಕು. ಇದು ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಜೋಸೆಫೀನ್ ಗಂಟಿಗೆ ಮಾತ್ರ ವಿನಾಯಿತಿ. ನಾವಿಕರು ದಪ್ಪ ಹಗ್ಗಗಳನ್ನು ಜೋಡಿಸುವ ಗಂಟೇ ಅದು. 1 ಮಿ.ಮೀ. ದಪ್ಪದ ತಂತಿಗಳನ್ನು ಜೋಡಿ ಜೋಡಿಯಾಗಿ ಮೇಜಿನ ಮೇಲೆ ಹರಡಿ, ಮೇಲೆ ಕೆಳಗೆ ದಾಟಿಸುತ್ತ ಹೆಣೆದರೆ ಅಗಲ ಕೈಬಳೆಗೆ ಒಳ್ಳೆಯ ನಡುಭಾಗವಾಗುತ್ತದೆ. ಬಿಗಿಯುವ ಅಗತ್ಯವೇ ಇಲ್ಲದ ಗಂಟಾದ್ದರಿಂದ ತಂತಿ ಜಗಳ ತೆಗೆಯುವುದಿಲ್ಲ.

ಯಾವುದನ್ನು ಮಾಡಿದರೂ ಸೋಲುವುದು ಕೊನೆಯಲ್ಲಿ, ಕೊಕ್ಕೆ ಸೇರುವ ಜಾಗದಲ್ಲಿ. ಕ್ರೋಶಾದ ತೆಳು ತುದಿಗಳನ್ನು ನೇರವಾಗಿ ಕೊಕ್ಕೆಗೆ ಸುತ್ತಿದರೆ ಕೆಲವೇ ತಿಂಗಳಲ್ಲಿ ಸವೆದು ಕಡಿಯುತ್ತದೆ. ಮೂರಕ್ಕೂ ಒಂದೇ ಮದ್ದು: ತುದಿಗಳನ್ನೆಲ್ಲ ಒಟ್ಟುಮಾಡಿ, 0.8 ಮಿ.ಮೀ. ತಂತಿಯ ತುಂಡೊಂದನ್ನು ಅವುಗಳ ನಡುವೆ ಹಾಯಿಸಿ ಬಿಗಿಯಾಗಿ ಸುತ್ತಿ, ಅದರ ಬಾಲವನ್ನು ಲೋಹದ ಟೋಪಿಯೊಳಗಿಂದ ಹೊರಗೆಳೆದು ಅದಕ್ಕೆ ಕೊಕ್ಕೆ ಹಾಕುವುದು. ಬೆಂಗಳೂರಿನವರಾದರೆ ಆ ಟೋಪಿ, ಕೊಕ್ಕೆ, ಮಣಿ ಎಲ್ಲಕ್ಕೂ ಮಾಮೂಲ್‌ಪೇಟೆಗೆ ಹೋಗಿ. ಸರದ ತುಂಡನ್ನು ಜೊತೆಗೇ ಒಯ್ಯಿರಿ, ಟೋಪಿಯ ಬಾಯಿ ಅದಕ್ಕೆ ಕೂರುತ್ತದೆಯೇ ಎಂದು ಅಲ್ಲೇ ಹಾಕಿ ನೋಡಬಹುದು.