ಮಣಿಪಾಲದ ಹೆಸರೋ, ಸರ್ಕಾರಿ ಸೀಟೋ?

ಉಡುಪಿಯ ಮಕ್ಕಳು ಎಂಬಿಬಿಎಸ್ ಓದಲು ಎಲ್ಲಿ ಸೇರಬೇಕು? 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಟ್ಟಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ (ಕೆಎಂಸಿ) ಹೆಸರಿಗೆ ತೂಕವಿದೆ. ಆದರೆ ಅದು ಡೀಮ್ಡ್ (ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಖಾಸಗಿ) ಸಂಸ್ಥೆಯ ಸೀಟಾದ್ದರಿಂದ ವಾರ್ಷಿಕ ಶುಲ್ಕವೇ 10 ಲಕ್ಷ ರೂಪಾಯಿ ದಾಟುತ್ತದೆ. ಸರ್ಕಾರಿ ಕಾಲೇಜಿನ ಶುಲ್ಕ ಅದರ ಹತ್ತರಲ್ಲೊಂದು ಪಾಲೂ ಇಲ್ಲ, ಆದರೆ ಅದಕ್ಕಾಗಿ ಉಡುಪಿಯ ಮಕ್ಕಳು ಘಟ್ಟ ಹತ್ತಿ ಶಿವಮೊಗ್ಗಕ್ಕೋ ಹಾಸನಕ್ಕೋ, ಇಲ್ಲವೇ ಕರಾವಳಿಯುದ್ದಕ್ಕೂ ಸಾಗಿ ಕಾರವಾರಕ್ಕೋ ಹೋಗಬೇಕಾಗುತ್ತದೆ. ಮಂಗಳೂರಿನ ಖಾಸಗಿ ಕಾಲೇಜುಗಳಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ದೊರೆಯುವ ಸರ್ಕಾರಿ ಕೋಟಾದ ಸೀಟು ಇವೆರಡರ ನಡುವಿನ ದಾರಿ.

ನಾನಾದರೆ ಮೊದಲು ಕಾಲೇಜಿನ ಆಸ್ಪತ್ರೆಯ ವಾರ್ಡಿನ ಹಾಸಿಗೆಗಳು ತುಂಬಿವೆಯೇ ಎಂದು ನೋಡುತ್ತೇನೆ, ಏಕೆಂದರೆ ವೈದ್ಯರು ಕಲಿಯುವುದು ರೋಗಿಗಳಿಂದ. ಮಂಗಳೂರಿನಲ್ಲಿರುವ ಅದೇ ಸಂಸ್ಥೆಯ ಕೆಎಂಸಿಯವರೂ ರೋಗಿಗಳನ್ನು ಕಂಡು ಕಲಿಯಲು ಸರ್ಕಾರಿ ವೆನ್ಲಾಕ್, ಲೇಡಿಗೋಷನ್ ಆಸ್ಪತ್ರೆಗಳಿಗೆ ಹೋಗುತ್ತಾರೆ. ಮನೆ ಅಡವಿಟ್ಟು ಸಾಲ ಮಾಡಬೇಕಾದ ಕುಟುಂಬಕ್ಕೆ ಶಿವಮೊಗ್ಗವೇ ಮೇಲು. ಮುಂದೆ ಪಿಜಿ (ಸ್ನಾತಕೋತ್ತರ) ಸೀಟಿಗೂ ಕಾಲೇಜಿನ ಹೆಸರಿಗಿಂತ ನೀಟ್-ಪಿಜಿ ಪ್ರವೇಶ ಪರೀಕ್ಷೆಯ ರ್‍ಯಾಂಕೇ ಲೆಕ್ಕಕ್ಕೆ ಬರುತ್ತದೆ.