ಬಿಟ್‌ಕಾಯಿನ್ ಕೋರ್ 30: ಬರ್ಕ್ಲಿ ಡಿಬಿಗೆ ವಿದಾಯ, ಹಳೇ ವಾಲೆಟ್ ಇಟ್ಟುಕೊಂಡವರು ಒಮ್ಮೆ ಓದಿ

ಬಿಟ್‌ಕಾಯಿನ್ ಕೊಳ್ಳಬೇಕಾ ಬೇಡವಾ ಅಂತ ಕೇಳುವವರಿಗೆ ಇಲ್ಲಿ ಏನೂ ಇಲ್ಲ. ನೋಡ್ ಓಡಿಸುವವರಿಗೆ, ಅಂದರೆ ಬಿಟ್‌ಕಾಯಿನ್ ಕೋರ್ ಅನ್ನುವ ಸಾಫ್ಟ್‌ವೇರ್ ಹಾಕಿ ತಮ್ಮ ಕಂಪ್ಯೂಟರನ್ನೇ ಬಿಟ್‌ಕಾಯಿನ್ ನೆಟ್‌ವರ್ಕಿಗೆ ಸೇರಿಸಿಕೊಂಡವರಿಗೆ, ಅದರಲ್ಲೂ ಎಲ್ಲೋ ಹಳೇ ಹಾರ್ಡ್ ಡಿಸ್ಕಿನಲ್ಲಿ ಒಂದು ವಾಲೆಟ್ ಫೈಲ್ (ಕಾಯಿನ್ ಖರ್ಚು ಮಾಡಲು ಬೇಕಾದ ರಹಸ್ಯ ಕೀಗಳಿರುವ ಫೈಲ್) ಬಿದ್ದಿರುವವರಿಗೆ ಇದು.

2025ರ ಅಕ್ಟೋಬರ್‌ನಲ್ಲಿ ವರ್ಷನ್ 30 ಬಂತು. ಆಗ ಎಲ್ಲರೂ ಜಗಳ ಆಡಿದ್ದು ಓಪಿ ರಿಟರ್ನ್ ಮಿತಿ, ಅಂದರೆ ವಹಿವಾಟಿನೊಳಗೆ ಬೇರೆ ಮಾಹಿತಿ ಎಷ್ಟು ತುರುಕಬಹುದು ಅನ್ನುವ ಮಿತಿ, ಸಡಿಲ ಮಾಡಿದ್ದಕ್ಕೆ. ಆ ಗಲಾಟೆಯಲ್ಲಿ ಇನ್ನೊಂದು ದೊಡ್ಡ ಬದಲಾವಣೆ ಹೆಚ್ಚು ಜನರ ಕಣ್ಣಿಗೆ ಬೀಳಲೇ ಇಲ್ಲ. ವಾಲೆಟ್ ಫೈಲನ್ನು ಬರೆದು ಓದುತ್ತಿದ್ದ ಹಳೇ ಡೇಟಾಬೇಸ್ ಬರ್ಕ್ಲಿ ಡಿಬಿಯನ್ನು ಬುಡಸಮೇತ ಕಿತ್ತು ಹಾಕಿದ್ದಾರೆ. ಹಳೇ ಮಾದರಿಯ ವಾಲೆಟ್ ಇನ್ನು ಹೊಸದಾಗಿ ಮಾಡುವಂತಿಲ್ಲ, ಇರುವುದನ್ನು ತೆರೆಯುವಂತೆಯೂ ಇಲ್ಲ. ಹೊಸ ಮಾದರಿಗೆ ಬದಲಾಯಿಸಿಕೊಳ್ಳಬಹುದು, ಅಷ್ಟೇ.

ನಾನು ಇದನ್ನು ಓಡಿಸುವುದು ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ, ಒಂದು ಹಳೇ ಡೆಸ್ಕ್‌ಟಾಪಿನಲ್ಲಿ. 1 ಟಿಬಿ ಎಸ್‌ಎಸ್‌ಡಿ ಹಾಕಿದ್ದೇನೆ, ಅದರಲ್ಲಿ ಮುಕ್ಕಾಲು ಭಾಗ ಇಷ್ಟು ವರ್ಷದ ವಹಿವಾಟುಗಳ ಪಟ್ಟಿಯಾದ ಬ್ಲಾಕ್‌ಚೈನೇ ತಿಂದು ಕೂತಿದೆ. ಜೊತೆಗೊಂದು ಯುಪಿಎಸ್. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೇಗೆ ಅಂತ ಗೊತ್ತಲ್ವಾ, ಡೇಟಾಬೇಸ್ ಬರೆಯುತ್ತಿರುವಾಗಲೇ ಲೈನ್ ಹೋದರೆ ಮತ್ತೆ ರೀಇಂಡೆಕ್ಸ್ (ಇಡೀ ಪಟ್ಟಿಯನ್ನು ಮೊದಲಿನಿಂದ ಓದಿ ಜೋಡಿಸುವುದು) ಮಾಡುತ್ತಾ ಕೂರಬೇಕಾಗಬಹುದು.

ಬರ್ಕ್ಲಿ ಡಿಬಿ ಯಾಕೆ ಹೋಗಬೇಕಿತ್ತು? 2009ರಲ್ಲಿ, ಬಿಟ್‌ಕಾಯಿನ್ ಹುಟ್ಟಿಸಿದ ಸತೋಶಿ ಬಿಟ್ಟ ಮೊದಲ ಸಾಫ್ಟ್‌ವೇರ್‌ನಲ್ಲಿ ಬ್ಲಾಕ್ ಇಂಡೆಕ್ಸು (ವಹಿವಾಟಿನ ಕಂತೆಗಳಾದ ಬ್ಲಾಕುಗಳ ಸೂಚಿ), ವಾಲೆಟ್ಟು ಎಲ್ಲವೂ ಅದರಲ್ಲೇ ಇತ್ತು. 2013ರಲ್ಲಿ 0.8 ಬಂದಾಗ ಬ್ಲಾಕ್‌ಚೈನ್ ಕಡೆಯ ಕೆಲಸ ಲೆವೆಲ್‌ಡಿಬಿ ಅನ್ನುವ ಇನ್ನೊಂದು ಡೇಟಾಬೇಸಿಗೆ ಹೋಯಿತು. ಆಗಲೇ ಆ ಪ್ರಸಿದ್ಧ ಎಡವಟ್ಟು ಆಗಿದ್ದು. ಬರ್ಕ್ಲಿ ಡಿಬಿಯಲ್ಲಿ ಒಂದೇ ಸಲಕ್ಕೆ ಇಷ್ಟೇ ಲಾಕ್ ಹಾಕಬಹುದು ಅನ್ನುವ ಮಿತಿ ಇತ್ತು, ಅದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಮಾರ್ಚ್‌ನಲ್ಲಿ ಒಂದು ದೊಡ್ಡ ಬ್ಲಾಕ್ ಬಂತು, 0.8 ಅದನ್ನು ಒಪ್ಪಿತು, ಹಳೇ ನೋಡ್‌ಗಳು ಆ ಮಿತಿಗೆ ಸಿಕ್ಕಿಕೊಂಡು ಒಪ್ಪಲಿಲ್ಲ, ಚೈನ್ ಎರಡಾಗಿ ಒಡೆಯಿತು. ಹೊಸ ಬ್ಲಾಕು ಸೇರಿಸುವ ಮೈನರ್‌ಗಳು 0.7ಕ್ಕೆ ವಾಪಸ್ ಹೋಗಿ ಕೆಲವು ಗಂಟೆಗಳಲ್ಲಿ ಸರಿಮಾಡಿದರು. ಒಂದು ಡೇಟಾಬೇಸಿನ ಒಳಗಿನ ಸೆಟ್ಟಿಂಗ್, ಯಾರೂ ಬರೆಯದೇ, ಇಡೀ ನೆಟ್‌ವರ್ಕಿನ ನಿಯಮ ಆಗಿ ಕೂತಿತ್ತು!

ಅಷ್ಟಾದರೂ ವಾಲೆಟ್ ಮಾತ್ರ ಬರ್ಕ್ಲಿ ಡಿಬಿ 4.8ರಲ್ಲೇ ಉಳಿಯಿತು. ಹೊಸ ಬರ್ಕ್ಲಿಯಲ್ಲಿ ತೆರೆದ ಫೈಲು 4.8ರಲ್ಲಿ ಮತ್ತೆ ತೆರೆಯದೇ ಹೋಗಬಹುದು ಅನ್ನುವುದೇ ಕಾರಣ. ಉಬುಂಟು ಲಿನಕ್ಸ್ ಕೊಡುವುದು ಬರ್ಕ್ಲಿಯ 5.3. ಹಾಗಾಗಿ ಸೋರ್ಸ್‌ನಿಂದ ಕಂಪೈಲ್ ಮಾಡುವವರು 4.8 ಅನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕಿತ್ತು, ಇಲ್ಲವೇ ಹೊಂದಾಣಿಕೆ ಇಲ್ಲದಿದ್ದರೂ ಪರವಾಗಿಲ್ಲ ಅಂತ ಕಾನ್ಫಿಗರ್‌ಗೆ ಒಪ್ಪಿಗೆ ಕೊಡಬೇಕಿತ್ತು. ಈಗ ಆ ತಲೆನೋವೇ ಇಲ್ಲ. ನನಗಂತೂ ಇದೊಂದಕ್ಕೇ ಖುಷಿ.

ಹೊಸ ವಾಲೆಟ್ ಕೂರುವುದು ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸಿನಲ್ಲಿ. 2021ರ ಜನವರಿಯಲ್ಲಿ 0.21ರ ಜೊತೆ ಬಂತು, 2022ರಲ್ಲಿ ವರ್ಷನ್ 23ರಿಂದ ಅದೇ ಡಿಫಾಲ್ಟ್. ಆದರೆ ಇಲ್ಲಿ ಡೇಟಾಬೇಸ್ ಬದಲಾಗಿದ್ದು ಚಿಕ್ಕ ವಿಷಯ, ಡಿಸ್ಕ್ರಿಪ್ಟರ್ ಬಂದಿದ್ದು ದೊಡ್ಡದು. ಹಳೇ ವಾಲೆಟ್ ಅಂದರೆ ಒಂದು ಬೀಗದಕೈ ಗೊಂಚಲು, ಯಾವುದು ಯಾವ ಬಾಗಿಲಿಗೆ ಅಂತ ಎಲ್ಲೂ ಬರೆದಿಟ್ಟಿಲ್ಲ, ಸಾಫ್ಟ್‌ವೇರೇ ಊಹಿಸಬೇಕು. ಡಿಸ್ಕ್ರಿಪ್ಟರ್‌ನಲ್ಲಿ ಯಾವ ಕೀಯಿಂದ ಯಾವ ಬಗೆಯ ವಿಳಾಸ ಹುಟ್ಟುತ್ತದೆ ಅಂತ ಒಂದು ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಬದಲಾಯಿಸುವ ಕೆಲಸ ಸುಲಭ. ಹಾಸನದಲ್ಲಿರುವ ನಮ್ಮ ಭಾವನ ಹತ್ತಿರ ಕಾಲೇಜು ಕಾಲದ ಒಂದು ಫೈಲ್ ಇತ್ತು, ಅದನ್ನು ಪೆನ್‌ಡ್ರೈವ್‌ನಲ್ಲಿ ತಂದಿದ್ದರು. "ಏನಪ್ಪಾ, ಇದನ್ನ ಮುಟ್ಟಿದ್ರೆ ವಿಳಾಸ ಎಲ್ಲಾ ಬದಲಾಗಿಬಿಡುತ್ತಾ?" ಅಂತ ಅವರ ಚಿಂತೆ. "ಇಲ್ಲ ಭಾವ, ಕಾಯಿನ್ ಎಲ್ಲೂ ಹೋಗಲ್ಲ, ಫೀಸೂ ಇಲ್ಲ, ಫೈಲ್ ಮಾತ್ರ ಬದಲಾಗೋದು" ಅಂದೆ. ಫೈಲ್ ಮೆನುವಿನಲ್ಲಿ ಮೈಗ್ರೇಟ್ ವಾಲೆಟ್ ಒತ್ತಬೇಕು, ಲಾಕ್ ಇದ್ದರೆ ಪಾಸ್‌ಫ್ರೇಸ್ ಕೊಡಬೇಕು. ಹಳೇ ಫೈಲಿನ ಒಂದು ಬ್ಯಾಕಪ್ ತಾನೇ ತೆಗೆದಿಡುತ್ತದೆ. ಕೀ ಇಲ್ಲದೆ ಸುಮ್ನೆ ನೋಡಲು ಸೇರಿಸಿದ್ದ ವಿಳಾಸಗಳಿದ್ದರೆ ಅವು ಬೇರೆ ವಾಲೆಟ್ ಆಗಿ ಹೊರಗೆ ಬರುತ್ತವೆ, ಗಾಬರಿ ಬೇಡ. ಬರ್ಕ್ಲಿ ಲೈಬ್ರರಿ ತೆಗೆದ ಮೇಲೆ ಹಳೇ ಫೈಲ್ ಓದುವುದು ಹೇಗೆ ಅಂದರೆ, ಓದುವುದಕ್ಕೆ ಮಾತ್ರ ಬರುವ ಒಂದು ಸಣ್ಣ ಕೋಡನ್ನು ತಾವೇ ಬರೆದು ಒಳಗೆ ಇಟ್ಟಿದ್ದಾರೆ. ಇದು ಚಂದದ ಕೆಲಸ, ನಿಜವಾಗಿ.

ಈಗ ಬೈಯುವ ವಿಷಯ. 30.0 ಮತ್ತು 30.1ರಲ್ಲಿ ಇದೇ ಮೈಗ್ರೇಶನ್‌ನಲ್ಲಿ ಒಂದು ಕೆಟ್ಟ ಬಗ್ ಇತ್ತು. ಹೆಸರಿಲ್ಲದ ಹಳೇ ವಾಲೆಟ್, ಅಂದರೆ ಸುಮ್ಮನೆ ವಾಲೆಟ್.ಡ್ಯಾಟ್ ಅಂತ ಇರುವುದು, ಬದಲಾಯಿಸುವಾಗ ಅರ್ಧಕ್ಕೆ ಫೇಲ್ ಆದರೆ, ಅಪರೂಪಕ್ಕೆ ಆ ಫೋಲ್ಡರಿನ ಎಲ್ಲಾ ವಾಲೆಟ್ ಫೈಲುಗಳೂ ಅಳಿಸಿಹೋಗಬಹುದಿತ್ತು. ಪ್ರಾಜೆಕ್ಟಿನವರೇ ಇದನ್ನು ಹೇಳಿ, 30.2ರಲ್ಲಿ ಸರಿಮಾಡಿದ್ದಾರೆ. ಅಪರೂಪ ಅಂತ ಬಿಡಲು ನನಗೆ ಮನಸ್ಸಿಲ್ಲ. ಹೆಸರಿಲ್ಲದ ವಾಲೆಟ್ ತಾನಾಗಿ ಹುಟ್ಟುತ್ತಿದ್ದುದು 0.21ಕ್ಕಿಂತ ಮುಂಚೆ. ಅಂದರೆ ಈ ಟೂಲ್ ಯಾರಿಗಾಗಿ ಮಾಡಿದ್ದೋ ಆ ಹಳಬರ ಬಳಿ ಇರುವುದೇ ಅದು. ಬರ್ಕ್ಲಿ ಡಿಬಿ ತೆಗೆಯುವುದಕ್ಕೆ ವರ್ಷಗಟ್ಟಲೆ ತಯಾರಿ ಮಾಡಿದವರು ಆ ದಾರಿಯನ್ನೇ ಇನ್ನೂ ಜಾಸ್ತಿ ಪರೀಕ್ಷೆ ಮಾಡಬೇಕಿತ್ತು.

ಜಾಗ ಉಳಿಸಲು ಪ್ರೂನ್ ಹಾಕಿಕೊಂಡ, ಅಂದರೆ ಹಳೇ ಬ್ಲಾಕುಗಳನ್ನು ಅಳಿಸುತ್ತಾ ಹೋಗುವ ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಮಾಡಬೇಡಿ ಅಂತಲೇ ಹೇಳುತ್ತೇನೆ. ವಾಲೆಟ್ ಕೊನೆಯ ಸಲ ನೋಡಿದ್ದ ಬ್ಲಾಕು ಆ ನೋಡ್‌ನಲ್ಲಿ ಈಗ ಇಲ್ಲದಿದ್ದರೆ ಅದು ಲೋಡೇ ಆಗುವುದಿಲ್ಲ, ಮತ್ತೆ ಪೂರ್ತಿ ಡೌನ್‌ಲೋಡ್ ಮಾಡು ಅನ್ನುತ್ತದೆ. ಪೂರ್ತಿ ಚೈನ್ ಇರುವ ಮೆಷಿನ್ ಹುಡುಕಿಕೊಳ್ಳಿ, 30.2 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿ, ಅದಕ್ಕೂ ಮೊದಲು ಫೈಲನ್ನು ಕಂಪ್ಯೂಟರಿನಿಂದ ಹೊರಗೆ ಎರಡು ಕಡೆ ಕಾಪಿ ಮಾಡಿಡಿ. ಅದು ತಾನೇ ತೆಗೆಯುವ ಬ್ಯಾಕಪ್ಪನ್ನು ನಂಬಿ ಕೂರಬೇಡಿ.

ಸ್ಕ್ರಿಪ್ಟ್ ಬರೆದುಕೊಂಡವರಿಗೆ ಇನ್ನೊಂದು ಕಿರಿಕಿರಿ ಇದೆ. ಡಂಪ್‌ಪ್ರೈವ್‌ಕೀ, ಇಂಪೋರ್ಟ್‌ಪ್ರೈವ್‌ಕೀ, ಇಂಪೋರ್ಟ್‌ಅಡ್ರೆಸ್ ಅಂತ ಕೀ ಹೊರತೆಗೆಯುವ, ಕೀ ಮತ್ತು ವಿಳಾಸ ಸೇರಿಸುವ ಕಮಾಂಡುಗಳೆಲ್ಲಾ ಹೋಗಿವೆ. ಕಾಗದದಲ್ಲಿ ಬರೆದಿಟ್ಟ ಒಂದು ಕೀ ಸೇರಿಸಬೇಕು ಅಂದರೆ ಈಗ ಅದನ್ನು ಡಿಸ್ಕ್ರಿಪ್ಟರ್ ರೂಪದಲ್ಲಿ ಬರೆದು, ಇನ್ನೊಂದು ಕಮಾಂಡಿನಿಂದ ಚೆಕ್‌ಸಮ್ ತಂದು, ಕೊನೆಗೆ ಅಂಟಿಸಿ, ಆಮೇಲೆ ಇಂಪೋರ್ಟ್‌ಡಿಸ್ಕ್ರಿಪ್ಟರ್ಸ್‌ಗೆ ಕೊಡಬೇಕು. ತಪ್ಪು ಟೈಪಿಂಗ್ ಹಿಡಿಯಲು ಚೆಕ್‌ಸಮ್ ಬೇಕು, ಒಪ್ಪಿದೆ. ಹೊಸಬರಿಗೆ ಒಂದು ಬಟನ್ ಕೊಟ್ಟಿದ್ದರೆ ಏನಾಗುತ್ತಿತ್ತು?

ಐದಕ್ಕೆ ನಾಲ್ಕು ಕೊಡುತ್ತೇನೆ, 30.2ಕ್ಕೆ ಮಾತ್ರ. ಈಗಲೇ ಬದಲಾಯಿಸಲು ಧೈರ್ಯ ಇಲ್ಲದವರಿಗೆ ವರ್ಷನ್ 29 ಇನ್ನೂ ಹಳೇ ವಾಲೆಟ್ ತೆರೆಯುತ್ತದೆ, ಹಳತಾಗಿದೆ ಅಂತ ಎಚ್ಚರಿಸುತ್ತಲೇ. ಅದನ್ನೇ ಸದ್ಯಕ್ಕೆ ಇಟ್ಟುಕೊಳ್ಳಿ. ಸಹಾಯ ಮಾಡುತ್ತೇನೆ ಅಂತ ಫೋನಿನಲ್ಲಿ ಬಂದು, ಸ್ಕ್ರೀನ್ ಹಂಚಿಕೊಳ್ಳಿ, ಫೈಲ್ ಕಳಿಸಿ ಅನ್ನುವವರಿಗೆ ಮಾತ್ರ ಯಾವ ವರ್ಷನ್ನಿನ ಫೈಲೂ ಕೊಡಬೇಡಿ.