ಬಳಚಿನಲ್ಲಿ ಕೀಟನಾಶಕ ಹುಡುಕಲು: ಕಾರ್ಡಾ, ಫ್ಲೋರೊಮೀಟರಾ?

ಕಾರವಾರದ ನಮ್ಮ ಲ್ಯಾಬಿನಲ್ಲಿ ಬಳಚು (ಚಿಪ್ಪುಮೀನು), ಸಿಗಡಿ, ಬಂಗುಡೆ, ತಾರ್ಲೆ (ಭೂತಾಯಿ) ಎಲ್ಲಕ್ಕೂ ಅಳತೆ ಮಾಡಿದ ಕೀಟನಾಶಕ ಬೆರೆಸಿ ಎರಡೂ ವಿಧಾನ ನೋಡಿದೆವು.

ಎಂಜೈಮ್ ಕಾರ್ಡ್ ಅಗ್ಗ, ಕೆಲಸವೂ ಬೇಗ. ಮೀನಿನಿಂದ ತೆಗೆದ ಸಾರ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮಡಚಿ ಒತ್ತಿದರಾಯ್ತು. ಕಾರ್ಡಿನಲ್ಲಿರುವ ಎಂಜೈಮ್ ನೀಲಿ ಬಣ್ಣ ತರಿಸುತ್ತದೆ, ಕೀಟನಾಶಕ ಅದನ್ನು ತಡೆಯುತ್ತದೆ. ನೀಲಿ ಬಂದರೆ ಸರಿ, ಬಿಳಿಯಾಗೇ ಉಳಿದರೆ ಅನುಮಾನ. ಆದರೆ ಹಿಡಿಯುವುದು ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಎಂಬ ಎರಡು ಗುಂಪಿನ ಕೀಟನಾಶಕಗಳನ್ನು ಮಾತ್ರ. ಅದರಲ್ಲೂ ಕ್ಲೋರ್‌ಪೈರಿಫಾಸ್ ಇದ್ದ ಹಾಗೇ ಹಾಕಿದರೆ ಅಷ್ಟಾಗಿ ಸಿಗದು, ಮೊದಲು ಬ್ರೋಮಿನ್ ನೀರಿನಿಂದ ಆಕ್ಸಿಡೈಸ್ ಮಾಡಬೇಕು. ಯಾವ ಔಷಧಿ, ಎಷ್ಟಿದೆ ಎಂದು ಕಾರ್ಡ್ ಹೇಳುವುದಿಲ್ಲ. ತಾರ್ಲೆಯ ಎಣ್ಣೆ ಸೇರಿದರೆ ನೀಲಿ ಮಂಕಾಗಿ, ನೋಡುವವರ ನಡುವೆಯೇ ಜಗಳ.

ಫ್ಲೋರೊಮೀಟರ್ ಅಂದರೆ ಒಂದು ಬೆಳಕು ಬಿಟ್ಟಾಗ ವಸ್ತು ಇನ್ನೊಂದು ಬಣ್ಣದಲ್ಲಿ ಎಷ್ಟು ಹೊಳೆಯುತ್ತದೆಂದು ಅಳೆಯುವ ಯಂತ್ರ, ಅದು ಅಂಕಿ ಕೊಡುತ್ತದೆ. ಕಾರ್ಬಮೇಟ್ ಗುಂಪಿನ ಕಾರ್ಬರಿಲ್‌ಗೆ 280 ನ್ಯಾನೋಮೀಟರ್ ಬೆಳಕು ಬಿಟ್ಟರೆ 335ರ ಆಸುಪಾಸಿನಲ್ಲಿ ಹೊಳೆಯುತ್ತದೆ. (ನಮ್ಮಲ್ಲಿ 2018ರಲ್ಲೇ ನಿಷೇಧವಾದ ಔಷಧಿ ಅದು, ಇಲ್ಲಿ ಪರೀಕ್ಷೆಗಷ್ಟೇ.) ದ್ರಾವಣ ಹಾಕಿಡುವ ಪುಟ್ಟ ಪಾತ್ರೆ, ಕುವೆಟ್, ಮಾಮೂಲಿ ಗಾಜಿನದಾದರೆ ಆ ಬೆಳಕು ದಾಟದು, ಕ್ವಾರ್ಟ್ಜ್ ಬೇಕು. ದೊಡ್ಡ ತೊಂದರೆ ಮೀನೇ. ಅದರ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಕೂಡ ಅದೇ ಬೆಳಕಿಗೆ 340-350ರಲ್ಲಿ ಹೊಳೆಯುತ್ತದೆ. ಶುದ್ಧ ದ್ರಾವಣದಲ್ಲಿ ಎದ್ದು ಕಾಣುತ್ತಿದ್ದ ಕಾರ್ಬರಿಲ್, ಬಂಗುಡೆ ಸಾರದಲ್ಲಿ ಗುಡ್ಡದ ಹಿಂದಿನ ಮನೆಯಂತೆ ಮರೆಯಾಯಿತು. ಅಸಿಟೊನೈಟ್ರೈಲ್ ಹಾಕಿ ಪ್ರೋಟೀನ್ ಇಳಿಸಿದೆವು, ಎಣ್ಣೆ ಹೀರುವ ಸಿ18 ಪುಡಿಯಿಂದ ಎಣ್ಣೆ ತೆಗೆದೆವು. ಆದರೂ ಪೂರ್ತಿ ಹೋಗಲಿಲ್ಲ.

ಕೈ ಹಿಡಿದದ್ದು ಕಾಸ್ಟಿಕ್ ಸೋಡಾ. ಅದರಲ್ಲಿ ಕಾರ್ಬರಿಲ್ ಒಡೆದು 1-ನ್ಯಾಫ್ಥಾಲ್ ಆಗುತ್ತದೆ, 330ರ ಬೆಳಕಿಗೆ 460ರ ಹತ್ತಿರ ನೀಲಿಯಾಗಿ ಹೊಳೆಯುತ್ತದೆ. ಟ್ರಿಪ್ಟೊಫಾನ್ ಅಲ್ಲಿಗೆ ಬರುವುದಿಲ್ಲ. ಮೀನಿನ ಲಿವರ್ ಸೇರಿದ್ದರೆ ಮಾತ್ರ ವಿಟಮಿನ್ ಎ ಇಣುಕುತ್ತದೆ, ಹಾಗಾಗಿ ಮಾಂಸವಷ್ಟೇ ತೆಗೆದುಕೊಳ್ಳಿ. ಈ ಉಪಾಯ ಕಾರ್ಬರಿಲ್‌ಗೆ ಸರಿ, ಎಲ್ಲದಕ್ಕೂ ಅಲ್ಲ. ಏನು ಹುಡುಕುತ್ತಿದ್ದೇವೆಂದು ಮೊದಲೇ ಗೊತ್ತಿದ್ದರಷ್ಟೇ ಫ್ಲೋರೊಮೀಟರಿಗೆ ಬೆಲೆ.

ಎಂಡೋಸಲ್ಫಾನ್, ಡಿಡಿಟಿ ಈ ಎರಡೂ ವಿಧಾನಕ್ಕೆ ಸಿಗುವುದಿಲ್ಲ. ಶಿರಸಿ ಕಡೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಅಷ್ಟೇ. ಅಘನಾಶಿನಿ ನದಿ ಹುಟ್ಟುವುದು ಅಲ್ಲೇ ಅಲ್ವಾ? ಹಾಗಾಗಿ ಕಾರ್ಡ್ ನೀಲಿ ಬಂತು ಅಂತ ಅಘನಾಶಿನಿಯ ಬಳಚಿಗೆ ಕ್ಲೀನ್ ಚಿಟ್ ಕೊಡಲಾಗದು.

ಬಳಚು, ಸಿಗಡಿಯಲ್ಲಿ ಎಣ್ಣೆ ಕಡಿಮೆ. ಅವಕ್ಕೆ ನಾನು ಮೊದಲು ಕಾರ್ಡ್ ಹಾಕುತ್ತೇನೆ. ಕಾರ್ಡ್ ಹಿಡಿಯುವ ಆ ಎರಡು ಗುಂಪಿನ ಮಟ್ಟಿಗೆ ಬಿಳಿಯಾದದ್ದಷ್ಟೇ ಮುಂದಿನ ಪರೀಕ್ಷೆಗೆ. ತಾರ್ಲೆಗೆ ಎರಡೂ ಸುಮ್ನೆ ದಂಡ, ಔಷಧಿಗಳನ್ನು ಬೇರ್ಪಡಿಸಿ ಒಂದೊಂದನ್ನೂ ಗುರುತಿಸುವ ಜಿಸಿ-ಎಂಎಸ್ ಯಂತ್ರ ಇರುವ ಲ್ಯಾಬಿಗೆ ನೇರ ಕಳಿಸಿ.